ನೀರುಗಂಟಿಯ ಮೊಮ್ಮಗಳ ಸಂಬಳ

ಫೆಬ್ರುವರಿ 3, ಸೋಮವಾರ

ಗೆದ್ದುಬಿಟ್ಟೆ! ಅರಿಶಿನ ಬೆಳೆಗಾರರ ಕಂಪನಿಗೆ ಹರವೆ ಭಾಗದ ನಿರ್ದೇಶಕ ಇನ್ನು ನಾನೇ. ಗುಂಡ್ಲುಪೇಟೆ ರಸ್ತೆಯ ಕಾರ್ಖಾನೆಯಲ್ಲಿ ಎಣಿಕೆ ಮುಗಿಯುತ್ತಿದ್ದಂತೆ ನಮ್ಮ ಊರಿನವರು ಹೂವಿನ ಹಾರದ ಬದಲು ಅರಿಶಿನದ ಕೊಂಬುಗಳನ್ನೇ ಪೋಣಿಸಿ ಕೊರಳಿಗೆ ಹಾಕಿದರು. ಅದರ ಭಾರಕ್ಕೆ ಕತ್ತು ಬಾಗಿತು, ಆದರೂ ಮನೆ ಸೇರುವತನಕ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಂದ್ರಮತಿ, "ಅದ ಬಿಚ್ಚಿ ಕೊಡಿ, ಕುಟ್ಟುದ್ರೆ ವರ್ಷದ ಸಾರಿಗಾಯ್ತದೆ," ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿಗೆ ಸಂದರ್ಭದ ಗಾಂಭೀರ್ಯ ತಿಳಿಯುವುದಿಲ್ಲ.

ಗೆದ್ದದ್ದು ಒಂದೇ ಮಾತಿನ ಮೇಲೆ. "ಸರ್ಕಾರದ ದುಡ್ಡಿನಲ್ಲಿ ಉಸಿರಾಡುವ ಕಂಪನಿಯಲ್ಲಿ ಮೇಲಿನವರ ಸಂಬಳ ಒಂದು ರೂಪಾಯಿಯೂ ಏರಕೂಡದು!" ಊರೂರಲ್ಲೂ ಇದನ್ನೇ ಹೇಳಿದೆ, ಊರೂರಲ್ಲೂ ಚಪ್ಪಾಳೆ. ಸುಳ್ಳೇನಲ್ಲವಲ್ಲ! ಹೊರದೇಶಕ್ಕೆ ಕಳಿಸಿದ ಅರಿಶಿನದಲ್ಲಿ ಬಣ್ಣದ ಪುಡಿ ಇದೆಯೆಂದು ಸರಕೆಲ್ಲ ವಾಪಸ್ ಬಂತು, ಕಂಪನಿ ಮುಳುಗಿತು. ಮುಳುಗಿಸಿದ ಹಳೆಯ ಎಂ.ಡಿ. ತಿಂಗಳಿಗೆ ಎರಡು ಲಕ್ಷದಂತೆ ಕಡೆಯ ದಿನದವರೆಗೂ ಎಣಿಸಿಕೊಂಡು ಹೋದ. ಆಮೇಲೆ ಸರ್ಕಾರ ಕೋಟಿಗಟ್ಟಲೆ ಸುರಿದು ಎತ್ತಿ ನಿಲ್ಲಿಸಿತು. ಸರ್ಕಾರದ ದುಡ್ಡು ಅಂದರೆ ಯಾರದ್ದು? ನಮ್ಮ ಹೊಲಕ್ಕೆ ಕಳೆ ಕೀಳಲು ಬರುವ ಪುಟ್ಟಸಿದ್ದಮ್ಮ ಬೆಂಕಿಪೊಟ್ಟಣ ಕೊಂಡಾಗ ಕಟ್ಟುವ ತೆರಿಗೆ!

ಈಗಿನ ಎಂ.ಡಿ. ಬೃಂದಾ. ನಮ್ಮೂರ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದ ದೊಡ್ಡಯ್ಯನ ಮೊಮ್ಮಗಳು, ಆಚೆ ಬೀದಿಯವಳು. ಹತ್ತನೇ ತರಗತಿಯಲ್ಲಿ ನನ್ನ ಕೈಯಲ್ಲೇ ಕನ್ನಡ ಓದಿದಳು. ಅರವತ್ತು ಸಾವಿರಕ್ಕೆ ಸೇರಿದ್ದಾಳೆ. ಅವಳು ಬಂದ ಮೇಲೆ ಸರಕು ವಾಪಸ್ ಬಂದಿಲ್ಲ, ನಷ್ಟ ನಿಂತಿದೆ ಅನ್ನುತ್ತಾರೆ, ಇರಲಿ. ಎರಡು ವರ್ಷ ಏರಿಸಬಾರದೆಂದು ಸರ್ಕಾರದ ಷರತ್ತಿತ್ತು, ಈ ಮಾರ್ಚಿಗೆ ಮುಗಿಯುತ್ತದೆ. ಆಗಲೇ ಒಂದೂವರೆ ಲಕ್ಷ ಕೇಳಿದ್ದಾಳಂತೆ. ಕೇಳಲಿ! ನಾನಿದ್ದೇನೆ.

ಫೆಬ್ರುವರಿ 6, ಗುರುವಾರ

ಮೊದಲ ಸಭೆ. ಒಂಬತ್ತು ಜನ ನಿರ್ದೇಶಕರು, ತಿರುಗುವ ಕುರ್ಚಿಗಳು. ನಾನು ಒಂದು ಸುತ್ತು ತಿರುಗಿ ನೋಡಿದೆ, ಯಾರೂ ಗಮನಿಸಲಿಲ್ಲ.

ಅಧ್ಯಕ್ಷ ಬಸವಪ್ರಸಾದ್ ನಮ್ಮವರೇ, ದೊಡ್ಡ ಮಂಡಿ ವ್ಯಾಪಾರಿ. ಸಂಬಳದ ವಿಷಯ ಬಂದ ಕೂಡಲೇ ನಾನು ಎದ್ದು ನಿಂತು ಗುಡುಗಿದೆ. ಅವರು ನಗುತ್ತ, "ಮೇಷ್ಟ್ರೇ, ನೀವೇ ಒಂದು ವಿಚಾರಣೆ ಮಾಡ್ಬುಡಿ. ಅವಳ ಕೆಲ್ಸ ನೋಡಿ, ವರದಿ ಬರೀರಿ. ಮಾರ್ಚಿನ ಸರ್ವಸದಸ್ಯರ ಸಭೇಲಿ ಓದುವ್ರಂತೆ," ಅಂದರು. ಏಕಸದಸ್ಯ ವಿಚಾರಣಾ ಸಮಿತಿ! ನ್ಯಾಯಮೂರ್ತಿಗಳಿಗೆ ಕೊಡುವಂಥದ್ದು!

ಬೃಂದಾಳನ್ನು ಕರೆಸಿದೆವು. ಮುಚ್ಚುಮರೆಯಿಲ್ಲದೆ ಹೇಳಿದಳು. "ಈರೋಡಿನ ಕಂಪನಿಯೋರು ಒಂದು ಲಕ್ಷ ಎಂಬತ್ತು ಸಾವಿರ ಕೊಡ್ತೀವಿ ಬಾ ಅಂದವ್ರೆ ಸರ್. ನಾನು ಇಲ್ಲೇ ಇರ್ಬೇಕು ಅಂತ ಒಂದೂವರೆ ಕೇಳ್ತಾ ಇದೀನಿ. ಏಪ್ರಿಲ್ ಒಂದಕ್ಕೆ ಅವ್ರಿಗೆ ಉತ್ತರ ಕೊಡ್ಬೇಕು." ಧೈರ್ಯ ನೋಡಿ! ಪರೀಕ್ಷೆಯ ಹಾಲಿನಲ್ಲೂ ಹೀಗೇ, ಪ್ರಶ್ನೆಪತ್ರಿಕೆಯೇ ತಪ್ಪಿದೆ ಎಂದು ಒಮ್ಮೆ ಎದ್ದು ನಿಂತಿದ್ದಳು.

ನನಗೆ ಟೀ ತರಿಸಿದಳು. ನಾನು ಹೊರಗಡೆ ಏನೂ ಕುಡಿಯುವುದಿಲ್ಲ ಅಂದೆ. ವಾಪಸ್ ಬರುವಾಗ ದಾರಿಯ ಹೋಟೆಲಿನಲ್ಲಿ ಬಸವಪ್ರಸಾದ್ ಅವರ ಜೊತೆ ಟೀ ಕುಡಿದೆ, ಚೆನ್ನಾಗಿತ್ತು.

ಫೆಬ್ರುವರಿ 10, ಸೋಮವಾರ

ಎಂಥಾ ದಿನ! ಕಾಲು ನೋಯುತ್ತಿದೆ, ಆದರೂ ಬರೆಯದೆ ಮಲಗಲಾರೆ.

ಇವತ್ತು ನಮ್ಮ ಹೊಲದಲ್ಲೂ ಅರಿಶಿನ ಬೇಯಿಸುವ ದಿನವಾಗಿತ್ತು. ಆದರೆ ವಿಚಾರಣೆ ದೊಡ್ಡದಲ್ಲವೇ? ಕೊಪ್ಪರಿಗೆಯ ಮುಂದೆ ನಿಂತು, "ಸಾಕು ಕಣ್ರಲಾ, ಇಳಿಸ್ರಿ, ನನಗೆ ಬಸ್ಸಿಗೆ ಹೊತ್ತಾಯ್ತು," ಎಂದು ಅವಸರ ಮಾಡಿ ಹೊರಟೆ. ಚಂದವಾಗಿ ಹೊಗೆಯಾಡುತ್ತಿತ್ತು, ಬೆಂದಿರುತ್ತದೆ.

ಚಂದಕವಾಡಿಯ ಖರೀದಿ ಕೇಂದ್ರದಿಂದ ಬೃಂದಾಳ ಬೆನ್ನು ಹತ್ತಿದೆ. ಎಲ್ಲಾದರೂ ದಂಡದ ಖರ್ಚು ಸಿಗುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಕಂಪನಿಯ ಜೀಪು, ಅದರ ಸೀಟು ಹರಿದಿದೆ. ಊಟ ಅಂದರೆ ಡಬ್ಬಿಯ ಮುದ್ದೆ, ಸೊಪ್ಪಿನ ಸಾರು. ನನ್ನ ವರದಿಗೆ ಏನೂ ಸಿಗದೆ ಬೇಸರವಾಯಿತು.

ಸಂಜೆ ಕಾರ್ಖಾನೆಯಲ್ಲಿ ಕಲ್ಲಿಕೋಟೆಗೆ ಹೋಗುವ ಲಾರಿ ತುಂಬಿ ನಿಂತಿತ್ತು. ಬಂಡೀಪುರದ ಗೇಟು ಒಂಬತ್ತಕ್ಕೆ ಹಾಕುತ್ತಾರೆ, ಆಮೇಲೆ ಬೆಳಗಿನವರೆಗೆ ಕಾಡಿನ ದಾರಿ ಬಂದ್. ಇವಳು ಬಂದವಳೇ ಒಂದು ಚೀಲಕ್ಕೆ ಕೈ ಹಾಕಿ, ಕೊಂಬನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿದಳು. "ಹಸಿ ಅದೆ. ಈ ಸಾಲೆಲ್ಲ ಇಳ್ಸಿ," ಅಂದಳು. ಡ್ರೈವರ್ ರವಿಕುಮಾರನಿಗೆ ಅಳುವೇ ಬಂತು. "ಮೇಡಂ, ಬುಡಿ, ನಾಳಿಕ್ಕೋಗನ." "ನಾಳೆ ಅಂದ್ರೆ ಅವ್ರು ಬೇರೆ ಕಡೆ ತಕ್ಕೋತಾರೆ ಕಣಣ್ಣ. ಇಳ್ಸಿ, ಒಣಗಿದ್ದ ತುಂಬಿ, ಹೊರಡಿ." ಫೋನಿನಲ್ಲಿ ಕಲ್ಲಿಕೋಟೆಯವನಿಗೆ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಸಮಾಧಾನ ಹೇಳುತ್ತಲೇ ಲಾರಿ ಹತ್ತಿ ಚೀಲ ಎಳೆದಳು. ಕೂಲಿಯವರು ಓಡಿದರು, ಗುಮಾಸ್ತರು ಓಡಿದರು. ನೋಡನೋಡುತ್ತ ನಾನೂ ಪಂಚೆ ಎತ್ತಿಕಟ್ಟಿ ಎರಡು ಚೀಲ ತಳ್ಳಿದೆ! ಗೇಟು ಹಾಕುವ ಮುಂಚೆ ಲಾರಿ ದಾಟಿತೆಂದು ಫೋನ್ ಬಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ವಿಚಾರಣಾಧಿಕಾರಿ ಚೀಲ ತಳ್ಳಿದ್ದು ಸರಿಯೇ? ವರದಿಯಲ್ಲಿ ಬರೆಯುವುದಿಲ್ಲ.

ಫೆಬ್ರುವರಿ 24, ಸೋಮವಾರ

ನನ್ನ ಅರಿಶಿನ ವಾಪಸ್! ನನ್ನದು! ನಿರ್ದೇಶಕ ಮೃತ್ಯುಂಜಯನದು!

ಕಾರ್ಖಾನೆಯಲ್ಲಿ ಸರಕು ತಂದವರ ಇಡೀ ಸಾಲಿನ ಎದುರು ಬೃಂದಾ ಕೊಂಬನ್ನು ಮುರಿದು ಅಂಗೈಯಲ್ಲಿಟ್ಟು ತೋರಿಸಿದಳು. "ನೋಡಿ ಸರ್, ಅಂಚಿಗೊಂದು ಬಣ್ಣ, ನಡೂಕೊಂದು ಬಣ್ಣ. ಅರ್ಧಂಬರ್ಧ ಬೆಂದದೆ. ತಕ್ಕೊಳಕಾಗಲ್ಲ."

"ನಾನು ಡೈರೆಕ್ಟರ್ ಕಣಮ್ಮಿ!"

"ಅದ್ಕೇ ಸರ್ ಎರಡು ಸಲ ಮುರಿದು ನೋಡಿದ್ದು."

ಸಾಲಿನಲ್ಲಿ ನಿಂತವರೆಲ್ಲ ಕಿಸಕ್ಕನೆ ನಕ್ಕರು. ಬಸವಪ್ರಸಾದ್ ಅವರ ಸರಕನ್ನೂ ಹೀಗೇ ಹೋದ ವರ್ಷ ವಾಪಸ್ ಕಳಿಸಿದ್ದಳಂತೆ. ಇರಲಿ! ಒಂದು ರೂಪಾಯಿಯಲ್ಲ, ಒಂದು ಪೈಸೆಯೂ ಏರಿಸಲು ಬಿಡುವುದಿಲ್ಲ!

ಫೆಬ್ರುವರಿ 25, ಮಂಗಳವಾರ

ಸಿಕ್ಕಿಹಾಕಿಕೊಂಡೆ. ಸಂಬಳ ಬೇಡವೆಂದು ಬರೆದರೆ ಅರಿಶಿನ ವಾಪಸಾದ ಹೊಟ್ಟೆಯುರಿ ಅನ್ನುತ್ತಾರೆ. ಬೇಕೆಂದು ಬರೆದರೆ ಮಾತಿಗೆ ತಪ್ಪಿದ ಅನ್ನುತ್ತಾರೆ. ಚಂದ್ರಮತಿಯ ಹತ್ತಿರ ಹೇಳಿಕೊಂಡೆ. "ಮೊದ್ಲು ಅರಿಶಿನ ನೆಟ್ಟಗೆ ಬೇಯ್ಸಕ್ಕೆ ಕಲೀರಿ," ಅಂದಳು.

ಫೆಬ್ರುವರಿ 26, ಶಿವರಾತ್ರಿ

ಶಿವನೇ ಹೊಳೆಸಿದ! ಉಪವಾಸದ ತಲೆಗೆ ಎಂಥ ವಿಚಾರ ಬಂದಿದೆ ನೋಡಿ!

ಸಂಬಳ ಬೇಡ, ಆಯ ಕೊಡೋಣ!

ನಾನು ಚಿಕ್ಕವನಿದ್ದಾಗ ನೀರುಗಂಟಿಗೆ ತಿಂಗಳ ಸಂಬಳ ಎಲ್ಲಿತ್ತು? ಸುಗ್ಗಿಯಲ್ಲಿ ಕಣದ ಪೂಜೆಯಾದ ಮೇಲೆ ದೊಡ್ಡಯ್ಯ ಬಂದು ಅಂಚಿನಲ್ಲಿ ನಿಲ್ಲುತ್ತಿದ್ದ. ಅವನು ಪಂಚೆ ಒಡ್ಡಿದರೆ ನಮ್ಮಪ್ಪ ಮೊರ ಎತ್ತಿ ಮೇಲಿನಿಂದ ಭತ್ತ ಸುರಿಯುತ್ತಿದ್ದರು. ಅದೇ ಆಯ. ಬೆಳೆ ಚೆನ್ನಾಗಿ ಬಂದರೆ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಅವನ ಮೊಮ್ಮಗಳಿಗೂ ಹಾಗೇ ಮಾಡಿದರಾಯಿತು! ವರ್ಷದ ಕೊನೆಗೆ ಬೆಳೆಗಾರರೆಲ್ಲ ಖುಷಿಯಿಂದ ಕೈಲಾದಷ್ಟು ಅರಿಶಿನ ತಂದು ಸುರಿಯಲಿ. ಸಂಬಳ ಏರಿಸಿದಂತೆಯೂ ಆಗಲಿಲ್ಲ, ಅವಳಿಗೆ ಕೊಟ್ಟಂತೆಯೂ ಆಯಿತು. ನನ್ನ ಮಾತೂ ಉಳಿಯಿತು!

ಬಸವಪ್ರಸಾದ್ ಅವರಿಗೆ ಫೋನ್ ಮಾಡಿದೆ. "ಸೂಪರ್ ಮೇಷ್ಟ್ರೇ! ಖಾಯಂ ಖರ್ಚೇ ಇಲ್ಲ," ಅಂದರು.

ಮಾರ್ಚ್ 1, ಶನಿವಾರ

ಆಯದ ಪದ್ಧತಿ ಸರಿಯಾಗಿ ತಿಳಿದುಕೊಳ್ಳಲು ಆಚೆ ಬೀದಿಗೆ ಹೋಗಿ ದೊಡ್ಡಯ್ಯನನ್ನು ಕಂಡೆ. ಎಂಬತ್ತೈದು ದಾಟಿದೆ, ಆದರೂ ನನ್ನನ್ನು ನೋಡಿ ಜಗಲಿಯಿಂದ ಎದ್ದು ನಿಂತ. ನಾನೂ ಕೂರಲಿಲ್ಲ, ನಿಂತೇ ಮಾತಾಡಿದೆ, ಹೊತ್ತಾಗಿತ್ತು. ಕಾಫಿ ತಂದರು. ಈಗ ತಾನೇ ಕುಡಿದೆ ಅಂದೆ.

ಎಂಥ ಸಂಗತಿ ಹೇಳಿದ ಗೊತ್ತೇ! "ಕಡೇ ಗದ್ದೆಗೆ ನೀರು ಮುಟ್ನಿಲ್ಲ ಅಂದ್ರೆ ಆ ವರ್ಷ ನಾನು ಯಾರ ಕಣಕ್ಕೂ ಓಯ್ತಿರ್ನಿಲ್ಲ ಬುದ್ಧಿ. ಅದು ನಂದೇ ಕಟ್ಟುಪಾಡು." ಇದಕ್ಕಿಂತ ದೊಡ್ಡ ಆಡಳಿತ ಶಾಸ್ತ್ರ ಬೇಕೇ? ಭಾಷಣಕ್ಕೆ ಸೇರಿಸಿಕೊಂಡೆ.

"ನಿನ್ನ ಮೊಮ್ಮಗಳಿಗೂ ಆಯ ಕೊಡ್ತೀವಿ ಕಣೋ ದೊಡ್ಡಯ್ಯ!" ಅಂದೆ. ಮುದುಕ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಕೊನೆಗೆ, "ಮಗೀನೇ ಕೇಳಿ ಬುದ್ಧಿ," ಅಂದ. ಸಂತೋಷಕ್ಕೆ ಮಾತೇ ಹೊರಡಲಿಲ್ಲ ಪಾಪ.

ಮಾರ್ಚ್ 9, ಭಾನುವಾರ

ಸರ್ವಸದಸ್ಯರ ಸಭೆ ಮುಗಿಯಿತು.

ಶಾಮಿಯಾನದ ತುಂಬ ಜನ. ಮಾತಾಡಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಕೆರೆ, ತೂಬು, ಕಡೇ ಗದ್ದೆ, ಕಣ, ಎಲ್ಲ ಹೇಳಿ, "ಬೃಂದಾಳಿಗೆ ಆಯ ಕೊಡೋಣ!" ಅಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆಯನ್ನೂ ಹಾಕಿದರು.

ಅವಳು ಎದ್ದು ಮೈಕಿನ ಹತ್ತಿರ ಬಂದಳು. ಧನ್ಯವಾದ ಹೇಳುತ್ತಾಳೆ ಅಂದುಕೊಂಡೆ.

"ಸರ್, ನಮ್ ತಾತ ನಿಮ್ಮ ಕಣದಲ್ಲಿ ಪಂಚೆ ಒಡ್ಡಿ ನಿಂತಿದ್ದನ್ನ ನಾನು ಚಿಕ್ಕೋಳಿದ್ದಾಗ ನೋಡಿವ್ನಿ. ನಿಮ್ಮಪ್ಪಾರು ಕೊಟ್ಟಷ್ಟ ತಕ್ಕಂಡು ತಾತ ಕೈ ಮುಗಿಯೋರು. ಕಮ್ಮಿ ಆಯ್ತು ಅಂತ ಕೇಳಂಗಿರ್ನಿಲ್ಲ. ಕೈ ತಾಕ್ಬಾರ್ದು ಅಂತ ಮೇಲಿಂದ ಸುರಿಯೋರು, ಚೆಲ್ಲಿದ್ದನ್ನ ನಾನು ಆಯ್ಕೋತಿದ್ದೆ."

ಒಂದು ಚಪ್ಪಾಳೆಯೂ ಇಲ್ಲ.

"ಹಳೇ ಎಂ.ಡಿ.ಗೆ ಎರಡು ಲಕ್ಷ ಕೊಟ್ರಿ. ಅವ್ರಿಗೆ ಪಂಚೆ ಒಡ್ಡು ಅಂತ ಒಬ್ರಾದ್ರೂ ಅಂದ್ರಾ? ಮುಳುಗ್ಸಿದೋರಿಗೆ ಸಂಬಳ, ಎತ್ತಿದೋಳಿಗೆ ಆಯವಾ? ನಾನು ಕೆಲ್ಸ ಮಾಡಿದೀನಿ, ಸಂಬಳ ಕೇಳ್ತೀನಿ. ಸರ್ಕಾರದ ದುಡ್ಡು, ಕೊಡಕ್ಕಾಗಲ್ಲ ಅಂದ್ರೆ ಹಂಗೇ ಹೇಳಿ, ಅದು ನ್ಯಾಯವಾದ ಮಾತು, ನಾನು ಈರೋಡಿಗೆ ಹೋಯ್ತೀನಿ. ಆದ್ರೆ ನಾನು ಪಂಚೆ ಒಡ್ಡಲ್ಲ ಸರ್."

ಹೋಗಿ ಕುಳಿತಳು. ನನ್ನ ಲಿಖಿತ ವರದಿಯನ್ನೂ ತೀರ್ಮಾನವನ್ನೂ ಮುಂದಿನ ಭಾನುವಾರದ ನಿರ್ದೇಶಕರ ಸಭೆಗೆ ಬಿಟ್ಟರು.

ಮಾರ್ಚ್ 10, ಸೋಮವಾರ

ಏನು ಸೊಕ್ಕು! ಪಾಠ ಹೇಳಿದ ಮೇಷ್ಟ್ರಿಗೆ ಸಾವಿರ ಜನರ ಎದುರು ಅವಮಾನ! ನಾನು ಒಳ್ಳೆಯದಕ್ಕೇ ಹೇಳಿದ್ದು. ಗೌರವದಿಂದ ಹೇಳಿದ್ದು. ನಿನ್ನೆಯಿಂದ ಅನ್ನ ಸೇರುತ್ತಿಲ್ಲ.

ನಿನ್ನೆ ಬಸವಪ್ರಸಾದ್ ಕಾರಿನಲ್ಲಿ ಬಿಡುತ್ತೇನೆ ಅಂದರು. ದಾರಿಯಲ್ಲಿ ಬೆನ್ನು ತಟ್ಟಿ, "ಓಗ್ಲಿ ಬುಡಿ ಮೇಷ್ಟ್ರೇ, ಈರೋಡಿಗಾದ್ರೂ ಓಗ್ಲಿ. ನಮ್ ಕಣದಂಚಿಗೆ ನಿಂತಿದ್ದೋರ ಮನೆಯೋಳ್ಗೆ ಅರವತ್ತು ಸಾವಿರ ಕೊಟ್ಟಿದ್ದೇ ಎಚ್ಚು," ಅಂದರು. ನಾನು ಕಾರು ನಿಲ್ಲಿಸಿ ಅಂದೆ. ಹರವೆ ಇನ್ನೂ ದೂರವಿತ್ತು. ಯಾಕೆ ಇಳಿದೆನೋ ಗೊತ್ತಿಲ್ಲ. ಕಾರಿನಲ್ಲಿ ಸೆಖೆ ಇರಬೇಕು. ಬಿಸಿಲಲ್ಲಿ ನಡೆದುಕೊಂಡೇ ಬಂದೆ.

ಮಾರ್ಚ್ 13, ಗುರುವಾರ

ವರದಿ ಬರೆಯಲು ಕುಳಿತೆ. ಹರಿದೆ. ಮತ್ತೆ ಕುಳಿತೆ.

ಚಂದ್ರಮತಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ, "ಒಂದು ಕೇಳ್ಲಾ? ನೀವು ರಿಟೈರ್ ಆದಾಗ ಪಿಂಚಣಿ ಬ್ಯಾಡ, ಊರೋರೆಲ್ಲ ಮನೆಗೊಂದು ಸೇರು ರಾಗಿ ಸುರೀತೀವಿ, ಪಂಚೆ ಒಡ್ಡಿ ಮೇಷ್ಟ್ರೇ ಅಂದಿದ್ರೆ ಒಡ್ತಿದ್ರಾ?" ಅಂದಳು.

"ಥೂ! ನಾನೇನು ಭಿಕ್ಷುಕನಾ? ಮೂವತ್ತು ವರ್ಷ ದುಡಿದಿದೀನಿ ಕಣೇ! ಅದು ನನ್ನ ಹಕ್ಕು!"

"ಸರ್ಕಾರದ ದುಡ್ಡು ತಾನೇ?"

ಬೆಕ್ಕು ಅಡ್ಡ ಬಂತು. ಅದನ್ನು ಓಡಿಸಲು ಎದ್ದು ಹೋದೆ. ಹಿತ್ತಲಲ್ಲಿ ಬಹಳ ಹೊತ್ತು ನಿಂತಿದ್ದೆ.

ವರದಿ ಬರೆದು ಮುಗಿಸಿದೆ. ಎಷ್ಟು ಸರಾಗವಾಗಿ ಬಂತು ಅಂದರೆ, ಇಷ್ಟು ದಿನ ತಲೆಯಲ್ಲಿ ಸಿದ್ಧವಾಗಿಯೇ ಇತ್ತೇನೋ ಅನಿಸಿತು!

ಮಾರ್ಚ್ 16, ಭಾನುವಾರ

ಇವತ್ತು ಗುಡುಗಿದೆ ನೋಡಿ! ಮೊದಲ ಸಭೆಯದ್ದು ಏನೂ ಅಲ್ಲ!

ಬೃಂದಾ ಅವರು ಹೊರಗೆ ಕಾದಿದ್ದರು. ನಾನು ಎದ್ದು ಒಂದೂವರೆ ಲಕ್ಷಕ್ಕೆ ನಿರ್ಣಯ ಮಂಡಿಸಿದೆ. ಬಸವಪ್ರಸಾದರ ಬಾಯಿ ತೆರೆದಿದ್ದು ಮುಚ್ಚಲಿಲ್ಲ. "ಮೇಷ್ಟ್ರೇ, ಒಂದ್ರುಪಾಯಿನೂ ಬ್ಯಾಡ ಅಂತ ಓಟು ತಕ್ಕಂಡ್ರಲ್ಲ!"

"ತಗೊಂಡೆ. ಬೇಕಾದರೆ ನಾಳೆಯೇ ಆ ಊರೂರಿಗೂ ಹೋಗಿ ತಪ್ಪಾಯಿತು ಅಂತೀನಿ. ಮುಳುಗಿಸಿದವನಿಗೆ ಸಂಬಳ ಕೊಟ್ಟ ನಾವು, ಎತ್ತಿದವರಿಗೆ ಕೊಡುವಾಗ ಮಾತ್ರ ಸರ್ಕಾರದ ದುಡ್ಡು ಅಂತ ಯಾಕೆ ನೆನಪು ಮಾಡಿಕೊಳ್ಳಬೇಕು?" ಅಂದೆ. ಈ ಮಾತು ಹೇಗೆ ಹೊಳೆಯಿತೋ ಏನೋ, ಮೇಜು ಕುಟ್ಟಿ ಹೇಳಿದೆ. "ಪುಟ್ಟಸಿದ್ದಮ್ಮನ ದುಡ್ಡು ಹೌದು. ಅದಕ್ಕೇ ಎಂ.ಡಿ. ಸಂಬಳವನ್ನೂ ಅವರು ಕಂಪನಿಗೆ ಉಳಿಸಿದ್ದನ್ನೂ ಗೇಟಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕಂಪನಿ ಮತ್ತೆ ಮುಳುಗಿದರೆ ಸಂಬಳವೂ ಮುಳುಗಲಿ. ಆದರೆ ಮೊದಲು ಕೊಡಿ!"

ಕೈ ಎತ್ತಿಸಿದರು. ಐದು, ನಾಲ್ಕು. ಗೆದ್ದೆವು! ಚುನಾವಣೆ ಗೆದ್ದಾಗಲೂ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಹೊರಗೆ ಬಂದು ಹೇಳಿದೆ. ಗೋಡೆಯ ಷರತ್ತನ್ನೂ ಹೇಳಿದೆ. ಬೃಂದಾ ಅವರು ಗೇಟಿನ ಗೋಡೆಯ ಕಡೆ ತಿರುಗಿ ನೋಡಿದರು. "ಬರೆಸಿ ಸರ್. ಬಣ್ಣ ಮಾತ್ರ ಕಮ್ಮಿ ರೇಟಿಂದು ತರಿಸ್ಬೇಡಿ, ಮಳೆಗೆ ಅಳಿಸೋಯ್ತದೆ," ಅಂದರು. ನಾನು ಜೋರಾಗಿ ನಕ್ಕೆ. ಅವರ ಕೋಣೆಗೆ ಟೀ ಬಂತು. ಕೂಗಿ ಕೂಗಿ ಗಂಟಲು ಒಣಗಿತ್ತು, ಎರಡು ಲೋಟ ಕುಡಿದೆ. ಸಕ್ಕರೆ ಸ್ವಲ್ಪ ಜಾಸ್ತಿ.

ಊರಿಗೆ ಬಂದವನು ಸುದ್ದಿ ಹೇಳೋಣವೆಂದು ದೊಡ್ಡಯ್ಯನವರ ಮನೆಗೆ ಹೋದೆ. ಅವರು ಏಳಲು ಹೊರಟರು. ಭುಜ ಹಿಡಿದು ಕೂರಿಸಿ, ನಾನೂ ಜಗಲಿಯಲ್ಲಿ ಪಕ್ಕಕ್ಕೆ ಕುಳಿತು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕತ್ತಲಾದದ್ದೇ ತಿಳಿಯಲಿಲ್ಲ.

ಮಾರ್ಚ್ 28, ಶುಕ್ರವಾರ

ನಾಡಿದ್ದು ಯುಗಾದಿ. ಎರಡನೇ ಕುಯ್ಲಿನ ಅರಿಶಿನವನ್ನು ಇವತ್ತು ಕಾರ್ಖಾನೆಗೆ ಒಯ್ದೆ. ಈ ಸಲ ಬೇಯಿಸುವಾಗ ಕೊಪ್ಪರಿಗೆಯ ಪಕ್ಕದಿಂದ ಕದಲಿರಲಿಲ್ಲ. ಮುರಿದರೆ ಟಕ್ ಅನ್ನಬೇಕು, ಹಾಗೆ ಒಣಗಿಸಿದ್ದೆ. ಗೇಟಿನ ಗೋಡೆಯ ಮೇಲೆ ಹೊಸ ಬಣ್ಣದ ಅಕ್ಷರ ಹೊಳೆಯುತ್ತಿತ್ತು, ನಿಂತು ಎರಡು ಸಲ ಓದಿದೆ. ಎದೆಯುಬ್ಬಿಸಿಕೊಂಡು ಸಾಲಿನಲ್ಲಿ ನಿಂತೆ.

ಬೃಂದಾ ಮೇಡಂ ಕೊಂಬು ಮುರಿದರು. ಟಕ್! ಇಡೀ ಸಾಲಿಗೆ ಕೇಳಿಸಿತು. "ಚಿನ್ನದಂಗದೆ ಸರ್," ಅಂದರು. ನಾನು ಸುತ್ತ ಎಲ್ಲರ ಮುಖ ನೋಡಿದೆ.

ಆಮೇಲೆ ಬಗ್ಗಿ ಚೀಲದ ಅಂಚನ್ನು ಮಡಿಸಿ ನೋಡಿದರು. "ಚೀಲ ಯಾವ್ದು ಸರ್ ಇದು?"

"ಯೂರಿಯಾದ್ದು. ಮೂರು ಸಲ ತೊಳೆದು ಒಣಗಿಸಿದೀನಿ ಮೇಡಂ."

"ಗೊಬ್ಬರದ ಚೀಲದಲ್ಲಿ ತಿನ್ನೋ ಪದಾರ್ಥ ತರಂಗಿಲ್ಲ. ವಾಪಸ್."

"ಅಯ್ಯೋ! ನಿಮ್ಮ ಸಂಬಳಕ್ಕೆ ಮೊದಲು ಕೈ ಎತ್ತಿದವನು ನಾನು!"

"ಅದ್ಕೇ ಅಲ್ವಾ ಸರ್ ನನಗೆ ಸಂಬಳ ಕೊಡ್ತಿರದು."

ಸಾಲಿನವರೆಲ್ಲ ನಕ್ಕರು. ಅವರಿಗಿಂತ ಮುಂಚೆ ನಾನೇ ನಕ್ಕಿದ್ದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹಿಂದೆ ನಿಂತವನ ಕಡೆಗೆ ತಿರುಗಿ, "ನೋಡ್ಲಾ, ಡೈರೆಕ್ಟರದ್ದನ್ನೇ ವಾಪಸ್ ಕಳಿಸ್ತಾರೆ! ಇನ್ನು ಇದನ್ನ ಯಾವನು ಮುಳುಗಿಸ್ತಾನೆ?" ಅಂದೆ.

ಆಟೋದಲ್ಲಿ ಚೀಲಗಳ ನಡುವೆ ಕುಳಿತು ಮನೆಗೆ ಬಂದೆ. ಚಂದ್ರಮತಿ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟಳು. "ಮತ್ತೆ ವಾಪಸ್ಸಾ?"

"ಹೂಂ ಕಣೇ! ನಮ್ಮ ಎಂ.ಡಿ. ಅವರು ವಾಪಸ್ ಕಳಿಸಿದ್ರು!" ಬೀದಿಗೆಲ್ಲ ಕೇಳುವಂತೆ ಕೂಗಿದೆ.

ನಾಳೆ ಬೆಳಗ್ಗೆ ಚಾಮರಾಜನಗರಕ್ಕೆ ಹೋಗಿ ಹೊಸ ಗೋಣಿಚೀಲ ತರಬೇಕು.